ವಿದ್ಯಾರ್ಥಿಯ ಅಪರಾಧವೂ ವಿದ್ಯಾಶಾಲೆಯ ವಿಚಾರಣೆಯೂ

ಮಗನನ್ನೋ ಮಗಳನ್ನೋ ದೂರದ ಊರಿನ ಕಾಲೇಜಿಗೆ ಕಳುಹಿಸಿ, ತಿಂಗಳು ತಿಂಗಳಿಗೂ ಹಣವನ್ನು ಹೊಂದಿಸುತ್ತ, ರಜದ ದಿನಗಳನ್ನು ಎಣಿಸುತ್ತ ಇರುವ ಗೃಹಸ್ಥನಿಗೆ ಒಂದು ದಿನ ಮುದ್ರೆಯೊತ್ತಿದ ಕಾಗದವೊಂದು ಬರುತ್ತದೆ. ತಮ್ಮ ಕುಮಾರನು ದುರ್ನಡತೆಯ ಕಾರಣದಿಂದ ಇಂತಿಷ್ಟು ಕಾಲ ತರಗತಿಗೆ ಬರಕೂಡದೆಂದೋ, ಪರೀಕ್ಷೆಯಲ್ಲಿ ಅಕ್ರಮವೆಸಗಿದ್ದರಿಂದ ಅವನ ಫಲಿತಾಂಶವು ರದ್ದಾಗಿದೆಯೆಂದೋ ಅದರಲ್ಲಿ ಬರೆದಿರುತ್ತದೆ. ಹುಡುಗನು ಮಾಡಿದ್ದೇನು, ಕಂಡವರಾರು, ಅವನು ತನ್ನ ಪರವಾಗಿ ಹೇಳಿಕೊಂಡದ್ದೇನು, ಆ ಮಾತನ್ನು ಕೇಳಿದವರಾರು ಎಂಬ ವಿಷಯಗಳಲ್ಲಿ ಕಾಗದವು ಮೌನವನ್ನು ತಾಳಿರುತ್ತದೆ. ತಂದೆಯು ಮಗನ ಮೇಲೆ ಕಿಡಿಕಿಡಿಯಾಗುವನು. ತಾಯಿಯು ದೇವರ ಮನೆಯಲ್ಲಿ ಕುಳಿತು ಕಣ್ಣೀರಿಡುವಳು. ಕಾಗದದಲ್ಲಿ ಇಲ್ಲದ ಸಂಗತಿಗಳನ್ನು ನೆರೆಹೊರೆಯವರು ತಮ್ಮ ಊಹೆಯಿಂದ ತುಂಬಿಕೊಳ್ಳುವರು. ಆ ಕಾಗದವು ನಿಜವನ್ನು ಹೇಳುತ್ತಿದೆಯೆ? ಹೇಳದಿದ್ದರೆ ಅದಕ್ಕೆ ಹೊಣೆ ಯಾರು? ಈ ಎರಡು ಪ್ರಶ್ನೆಗಳನ್ನು ಕುರಿತು ವಾಚಕರೊಡನೆ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ.

ದಂಡನೆಯೇ ಕೂಡದೆಂದು ಹೇಳುವವನು ನಾನಲ್ಲ. ಆಯುಷ್ಯದ ಬಹುಭಾಗವನ್ನು ಹುಡುಗರ ನಡುವೆ ಕಳೆದವನಿಗೆ ಹುಡುಗರ ತುಂಟತನವೂ ಗೊತ್ತು, ತುಂಟತನವನ್ನು ಮೀರಿದ ದುಷ್ಟತನವೂ ಗೊತ್ತು. ನಕಲು ಮಾಡಿದವನಿಗೆ ಶಿಕ್ಷೆಯಾಗದಿದ್ದರೆ ರಾತ್ರಿಯೆಲ್ಲ ಓದಿ ಬರೆದವನಿಗೆ ಶಿಕ್ಷೆಯಾದಂತೆಯೇ ಸರಿ. ಆದರೆ ದಂಡಿಸುವ ಅಧಿಕಾರವುಳ್ಳವರಿಗೆ ದಂಡಿಸುವ ವಿಧಿಯೂ ಗೊತ್ತಿರಬೇಕಷ್ಟೆ. ನಮ್ಮ ಪ್ರಾಚೀನರು ಈ ವಿಧಿಯನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾದ ಕಲ್ಯಾಣಪಟ್ಟಣದಲ್ಲಿ ಇದ್ದವನು. ವ್ಯವಹಾರಕ್ಕೆ, ಎಂದರೆ ನ್ಯಾಯವಿಚಾರಣೆಗೆ, ನಾಲ್ಕು ಪಾದಗಳುಂಟೆಂದು ಅಲ್ಲಿ ನಿರೂಪಿತವಾಗಿದೆ. ಆಪಾದನೆಯನ್ನು ಹೇಳುವುದು ಭಾಷಾಪಾದ. ಅದಕ್ಕೆ ಪ್ರತಿವಾದಿಯು ಕೊಡುವ ಸಮಾಧಾನವು ಉತ್ತರಪಾದ. ಸಾಕ್ಷಿಪ್ರಮಾಣಗಳ ಪರಿಶೀಲನೆಯು ಕ್ರಿಯಾಪಾದ. ಕಡೆಯದು ಸಾಧ್ಯಸಿದ್ಧಿ, ಎಂದರೆ ನಿರ್ಣಯ. ವಾದಿಯ ಆಪಾದನೆಯನ್ನು ಪ್ರತಿವಾದಿಯ ಎದುರಿನಲ್ಲಿಯೇ ಬರೆಯಬೇಕೆಂದು ಯಾಜ್ಞವಲ್ಕ್ಯನ ವಿಧಿ. ಬೆನ್ನ ಹಿಂದೆ ಬರೆದದ್ದಕ್ಕೆ ಮನುಷ್ಯನು ಉತ್ತರವನ್ನು ಕೊಡುವ ಬಗೆ ಹೇಗೆ?

ಇದಕ್ಕಿಂತಲೂ ಗಮನಿಸತಕ್ಕ ಇನ್ನೊಂದು ವಿಧಿಯು ಅದೇ ಸ್ಮೃತಿಯಲ್ಲಿದೆ. ನ್ಯಾಯಸಭೆಯಲ್ಲಿ ಕುಳಿತ ಸಭ್ಯರು ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಧರ್ಮಕ್ಕೆ ವಿರುದ್ಧವಾಗಿ ತೀರ್ಪು ಹೇಳಿದರೆ, ಸೋತವನಿಗೆ ಆಗಬೇಕಾದ ದಂಡದ ಇಮ್ಮಡಿಯನ್ನು ಅವರಲ್ಲಿ ಒಬ್ಬೊಬ್ಬರೂ ಬೇರೆ ಬೇರೆಯಾಗಿ ತೆರಬೇಕು. ಸಭೆಯೆಲ್ಲ ಸೇರಿ ಹಂಚಿಕೊಂಡು ತೆತ್ತರೆ ಸಾಲದು. ಗುಂಪಿನ ಮರೆಯಲ್ಲಿ ನಿಂತು ಅನ್ಯಾಯ ಮಾಡುವವರ ಸ್ವಭಾವವನ್ನು ಆ ಋಷಿಯು ಎಷ್ಟು ಚೆನ್ನಾಗಿ ಬಲ್ಲವನಾಗಿದ್ದನು! ನಮ್ಮ ಕಾಲದ ಶಿಸ್ತು ಸಮಿತಿಗಳಲ್ಲಿ ‘ಸಮಿತಿಯು ತೀರ್ಮಾನಿಸಿತು’ ಎಂಬ ವಾಕ್ಯವನ್ನು ಓದುವಾಗಲೆಲ್ಲ ನನಗೆ ಈ ಬೇರೆ ಬೇರೆಯ ದಂಡವು ನೆನಪಿಗೆ ಬರುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ದೇಶದಲ್ಲಿಯೇ ನಡೆದು ಚರಿತ್ರೆಗೆ ಸೇರಿದ ಒಂದು ಪ್ರಕರಣವನ್ನು ನೋಡೋಣ. ಅದು ನಡೆದುದು 1916ರಲ್ಲಿ, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಅದರ ನಡುವೆ ಸಿಕ್ಕಿದ ವಿದ್ಯಾರ್ಥಿಯು ಮುಂದೆ ನೇತಾಜಿಯೆಂದು ಲೋಕಪ್ರಸಿದ್ಧರಾದ ಸುಭಾಷಚಂದ್ರ ಬೋಸರು. ಆಗ ಅವರಿಗೆ ವಯಸ್ಸು ಹತ್ತೊಂಬತ್ತು, ಬಿ.ಎ. ತರಗತಿಯಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದರು. ತಮ್ಮ ತರಗತಿಗೆ ಪ್ರತಿನಿಧಿಯೂ ಆಗಿದ್ದರು.

ಆ ವರ್ಷದ ಜನವರಿ ತಿಂಗಳಿನಲ್ಲಿ, ಓಟನ್ ಎಂಬ ಚರಿತ್ರೆಯ ಪ್ರೊಫೆಸರರು ಪಾಠ ಹೇಳುತ್ತಿದ್ದ ಕೊಠಡಿಯ ಹೊರಗಿನ ಮೊಗಸಾಲೆಯಲ್ಲಿ ಕೆಲವು ಹುಡುಗರು ನಡೆದು ಹೋದರು. ಸದ್ದಿನಿಂದ ಬೇಸರಗೊಂಡ ಪ್ರೊಫೆಸರರು ಹೊರಗೆ ಬಂದು ಅವರಲ್ಲಿ ಕೆಲವರನ್ನು ಹಿಡಿದು ನೂಕಿದರೆಂಬುದು ವಿದ್ಯಾರ್ಥಿಗಳ ದೂರು. ಸುಭಾಷರು ಪ್ರತಿನಿಧಿಯಾಗಿ ಪ್ರಿನ್ಸಿಪಾಲ್ ಜೇಮ್ಸ್ ಅವರಲ್ಲಿಗೆ ಹೋಗಿ, ಪ್ರೊಫೆಸರರು ಕ್ಷಮೆಯನ್ನು ಕೇಳಬೇಕೆಂದು ವಿಜ್ಞಾಪಿಸಿಕೊಂಡರು. ಓಟನ್ನರು ಇಂಡಿಯನ್ ಎಜುಕೇಷನಲ್ ಸರ್ವಿಸಿಗೆ ಸೇರಿದವರಾದ್ದರಿಂದ ತಾವು ಅವರನ್ನು ನಿರ್ಬಂಧಿಸಲಾರೆವೆಂದೂ, ಅವರು ಹುಡುಗರ ತೋಳನ್ನು ಹಿಡಿದರೇ ಹೊರತು ಬಲಪ್ರಯೋಗ ಮಾಡಲಿಲ್ಲವೆಂದೂ ಪ್ರಿನ್ಸಿಪಾಲರು ಉತ್ತರ ಕೊಟ್ಟುದಾಗಿ ಸುಭಾಷರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿದ್ದಾರೆ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ದೂರು ಬಂದಿತು, ಪ್ರತಿವಾದಿಯ ಉತ್ತರವೂ ಬಂದಿತು. ಮೂರನೆಯ ಪಾದವಾದ ಕ್ರಿಯೆಯು ಎಲ್ಲಿ ಹೋಯಿತು? ನೂಕಿದರೋ ತೋಳು ಹಿಡಿದರೋ ಎಂಬುದನ್ನು ನೋಡಿದವರು ಹತ್ತಾರು ಮಂದಿ ಅಲ್ಲಿಯೇ ಇದ್ದಿರಬೇಕು. ಅವರನ್ನು ಕರೆದು ಕೇಳಿ ನಾಲ್ಕು ಪಂಕ್ತಿ ಬರೆದಿಟ್ಟಿದ್ದರೆ ಮುಂದಿನ ಅನರ್ಥವು ಬಹುಶಃ ತಪ್ಪುತ್ತಿತ್ತು. ಅದಕ್ಕೆ ಬದಲಾಗಿ ಒಂದು ಪಕ್ಷದವರ ಸಮಾಧಾನವೇ ತೀರ್ಪಾಯಿತು. ಮರುದಿನ ಇಡೀ ಕಾಲೇಜು ಮುಷ್ಕರ ಹೂಡಿತು. ಮುಷ್ಕರದಲ್ಲಿ ಸೇರಿದವರಿಗೆಲ್ಲ ಪ್ರಿನ್ಸಿಪಾಲರು ಜುಲ್ಮಾನೆ ವಿಧಿಸಿದರು. ಓಟನ್ನರೇ ವಿದ್ಯಾರ್ಥಿಪ್ರತಿನಿಧಿಗಳನ್ನು ಕರೆಯಿಸಿ ಮಾತನಾಡಿ ಸಂಧಿಯನ್ನೂ ಮಾಡಿಕೊಂಡರು. ಆದರೆ ಜುಲ್ಮಾನೆಯು ಮಾತ್ರ ರದ್ದಾಗಲಿಲ್ಲ. ಜಗಳವಾಡಿದವರು ಕೈಕುಲುಕಿದ ಮೇಲೂ ಜಗಳದ ತೆರಿಗೆಯನ್ನು ವಸೂಲು ಮಾಡಿದಂತಾಯಿತು.

ಒಂದು ತಿಂಗಳು ಕಳೆಯಿತು. ಅದೇ ಪ್ರೊಫೆಸರರು ಕಿರಿಯ ತರಗತಿಯ ಒಬ್ಬ ಹುಡುಗನ ಮೇಲೆ ಮತ್ತೆ ಕೈಮಾಡಿದರೆಂಬ ಸುದ್ದಿ ಹಬ್ಬಿತು. ದೂರು ಕೊಟ್ಟು ಫಲವಿಲ್ಲ, ಮುಷ್ಕರ ಹೂಡಿದರೆ ಜುಲ್ಮಾನೆ ಎಂಬ ಅನುಭವವು ಹುಡುಗರಿಗೆ ಆಗಲೇ ಆಗಿತ್ತು. ಫೆಬ್ರವರಿ 15ರಂದು ಕೆಲವು ವಿದ್ಯಾರ್ಥಿಗಳು ಓಟನ್ನರನ್ನು ಅಡ್ಡಗಟ್ಟಿ ಹೊಡೆದರು. ಗುರುವಿನ ಮೇಲೆ ಕೈಯೆತ್ತುವುದು ಯಾವ ಕಾರಣದಿಂದಲೂ ಸಮರ್ಥನೆಗೆ ಯೋಗ್ಯವಲ್ಲ. ಅದು ಮಹಾಪಾತಕವೆಂದೇ ನಾನು ಎಣಿಸುತ್ತೇನೆ. ಹೊಡೆದವರಿಗೆ ಕಠಿಣವಾದ ಶಿಕ್ಷೆಯಾಗಬೇಕಾಗಿತ್ತೆಂಬುದರಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಸಂದೇಹವಿರುವುದು ಹೊಡೆದವರಾರೆಂಬುದನ್ನು ಕಂಡುಹಿಡಿದ ರೀತಿಯಲ್ಲಿ.

ಸರ್ಕಾರವು ಕಾಲೇಜನ್ನು ಮುಚ್ಚಿಸಿ, ವಿಚಾರಣೆಗಾಗಿ ಒಂದು ಸಮಿತಿಯನ್ನು ನೇಮಿಸಿತು. ಹೈಕೋರ್ಟಿನ ನ್ಯಾಯಾಧೀಶರೂ ವಿಶ್ವವಿದ್ಯಾನಿಲಯದ ಮಾಜಿ ವೈಸ್ ಚಾನ್ಸಲರರೂ ಆದ ಸರ್ ಆಶುತೋಷ ಮುಖರ್ಜಿಯವರು ಅದಕ್ಕೆ ಅಧ್ಯಕ್ಷರಾದರು. ಅಷ್ಟರಲ್ಲಿ ಪ್ರಿನ್ಸಿಪಾಲ್ ಜೇಮ್ಸ್ ಅವರಿಗೂ ಸರ್ಕಾರದ ವಿದ್ಯಾಖಾತೆಯ ಸದಸ್ಯರಿಗೂ ಮಾತಿಗೆ ಮಾತು ಬೆಳೆದು, ಸದಸ್ಯರನ್ನು ಅವಮಾನಗೊಳಿಸಿದರೆಂಬ ಕಾರಣದಿಂದ ಪ್ರಿನ್ಸಿಪಾಲರನ್ನೇ ಸರ್ಕಾರವು ಸಸ್ಪೆಂಡ್ ಮಾಡಿತು. ಅಧಿಕಾರವು ಕೈಜಾರುವ ಮುನ್ನ ಅವರು ತಮ್ಮ ಕಪ್ಪು ಪಟ್ಟಿಯಲ್ಲಿದ್ದ ಹುಡುಗರನ್ನು ಕರೆಯಿಸಿದರು. ಸುಭಾಷರೊಡನೆ, ಕಾಲೇಜಿನಲ್ಲೆಲ್ಲ ಅತ್ಯಂತ ತೊಂದರೆ ಕೊಡುವವನು ನೀನೇ ಎಂದು ಹೇಳಿ ಸಸ್ಪೆಂಡ್ ಮಾಡಿದರು. ಸುಭಾಷರು ವಂದನೆಯನ್ನು ಹೇಳಿ ಮನೆಗೆ ಹೊರಟುಹೋದರು. ಆಡಳಿತಮಂಡಲಿಯು ಸೇರಿ ಆ ಆಜ್ಞೆಯನ್ನು ಸ್ಥಿರಪಡಿಸಿ, ಅವರನ್ನು ಕಾಲೇಜಿನಿಂದ ಹೊರಹಾಕಿತು. ಬೇರೆ ಕಾಲೇಜಿನಲ್ಲಿ ಓದಲು ಅಪ್ಪಣೆ ಬೇಡಿದರೆ ಅದೂ ದೊರೆಯಲಿಲ್ಲ.

ತೊಂದರೆ ಕೊಡುವವನು ಎಂಬುದು ಆಪಾದನೆಯೆ? ಒಬ್ಬನ ಸ್ವಭಾವವನ್ನು ಕುರಿತ ಅಭಿಪ್ರಾಯವದು. ಇಂಥ ದಿನ, ಇಂಥ ಹೊತ್ತಿನಲ್ಲಿ, ಇಂಥ ಕೆಲಸವನ್ನು ಮಾಡಿದೆ ಎಂದರೆ ಹುಡುಗನು ಹೌದೆನ್ನಬಹುದು, ಅಲ್ಲವೆನ್ನಬಹುದು, ಸಾಕ್ಷಿಯನ್ನು ಕರೆಯಬಹುದು. ನೀನು ಕೆಟ್ಟವನು ಎಂದರೆ ಅದಕ್ಕೆ ಏನೆಂದು ಉತ್ತರ ಕೊಟ್ಟಾನು? ವಂದನೆ ಹೇಳಿ ಹೋಗುವುದಲ್ಲದೆ ಬೇರೆ ದಾರಿಯಿಲ್ಲ. ಕಾಲೇಜಿನ ಒಬ್ಬ ಜವಾನನು ಸುಭಾಷರನ್ನೂ ಮತ್ತೊಬ್ಬ ವಿದ್ಯಾರ್ಥಿಯನ್ನೂ ಸ್ಥಳದಲ್ಲಿ ಕಂಡೆನೆಂದು ಹೇಳಿದ ಮಾತು ಅವರಿಗೆ ವಿರೋಧವಾಗಿತ್ತು. ಆ ಮಾತನ್ನು ಅವರ ಎದುರಿನಲ್ಲಿ ಪರೀಕ್ಷಿಸಿ ನೋಡಿ, ಅದರ ಮೇಲೆ ಕಾರಣಸಹಿತವಾದ ನಿರ್ಣಯವನ್ನು ಕೊಟ್ಟಿದ್ದರೆ ಶಿಕ್ಷೆಗೆ ಒಂದು ಗೌರವವಿರುತ್ತಿತ್ತು.

ಇನ್ನು ಸಮಿತಿಯ ಮುಂದೆ ನಡೆದ ಸಂಗತಿ. ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ಬಂದ ಸುಭಾಷರನ್ನು, ಓಟನ್ನರ ಮೇಲೆ ನಡೆದ ಹಲ್ಲೆಯು ಸರಿಯೆಂದು ಭಾವಿಸುವೆಯಾ ಎಂದು ನೇರವಾಗಿ ಕೇಳಿದರು. ಹಲ್ಲೆಯು ಸಮರ್ಥನೀಯವಲ್ಲ, ಆದರೆ ವಿದ್ಯಾರ್ಥಿಗಳನ್ನು ಬಹಳವಾಗಿ ಕೆರಳಿಸಲಾಗಿತ್ತು ಎಂದು ಅವರು ಉತ್ತರ ಕೊಟ್ಟು, ಹಿಂದಿನ ವರ್ಷಗಳಲ್ಲಿ ಕಾಲೇಜಿನಲ್ಲಿ ನಡೆದ ಅವಮಾನಗಳನ್ನು ಒಂದೊಂದಾಗಿ ನಿರೂಪಿಸಿದರು. ನಿಶ್ಶರ್ತವಾಗಿ ಖಂಡಿಸಿದ್ದರೆ ತಪ್ಪಿಸಿಕೊಳ್ಳಬಹುದಾಗಿತ್ತೆಂದು ಲೋಕಜ್ಞರು ಆಡಿಕೊಂಡರಂತೆ. ನನ್ನ ದೃಷ್ಟಿಯಲ್ಲಿ ಆ ಉತ್ತರದ ಎರಡು ಭಾಗಗಳೂ ಸತ್ಯ. ಮೊದಲನೆಯದನ್ನು ಮಾತ್ರ ಹೇಳಿದ್ದರೆ ಅಧಿಕಾರಿಗಳಿಗೆ ಪ್ರಿಯವಾಗುತ್ತಿತ್ತು, ಎರಡನೆಯದನ್ನು ಮಾತ್ರ ಹೇಳಿದ್ದರೆ ಸಹಪಾಠಿಗಳಿಗೆ ಪ್ರಿಯವಾಗುತ್ತಿತ್ತು. ಹತ್ತೊಂಬತ್ತರ ಹುಡುಗನು ಎರಡನ್ನೂ ಹೇಳಿದನು. ಸಮಿತಿಯ ವರದಿಯಲ್ಲಿ ವಿದ್ಯಾರ್ಥಿಗಳ ಪರವಾಗಿ ಹೆಚ್ಚಿನ ಮಾತೇನೂ ಇರಲಿಲ್ಲವೆಂದೂ, ಹೆಸರು ಹಿಡಿದು ಹೇಳಿದ ವಿದ್ಯಾರ್ಥಿಯು ತಾವೊಬ್ಬರೇ ಎಂದೂ ಸುಭಾಷರು ಬರೆದಿದ್ದಾರೆ.

ಆದರೆ ಅವರ ಪ್ರಾಮಾಣಿಕತೆಯಲ್ಲಿಯೂ ಒಂದು ಮುಚ್ಚಿದ ಬಾಗಿಲಿತ್ತೆಂಬುದನ್ನು ಹೇಳದಿದ್ದರೆ ನಾನು ಪಕ್ಷಪಾತಿಯಾದೇನು. 1937ರಲ್ಲಿ ಆತ್ಮಚರಿತ್ರೆಯನ್ನು ಬರೆಯುವಾಗ, ಓಟನ್ನರನ್ನು ಹಿಂದಿನಿಂದ ಹೊಡೆದು ಮೆಟ್ಟಲಿನಿಂದ ಕೆಡವಿದರೆಂಬ ಮಾತು ಸುಳ್ಳೆಂದೂ, ತಾವು ಕಣ್ಣಾರೆ ಕಂಡವರೆಂದೂ ಅವರು ಒತ್ತಿ ಹೇಳಿದರು. ಹೊಡೆದವರ ಹೆಸರನ್ನು ಮಾತ್ರ ಹೇಳಲಿಲ್ಲ. ಜೊತೆಗಾರರನ್ನು ಹಿಡಿದು ಕೊಡಬಾರದೆಂಬುದು ಹುಡುಗರ ಲೋಕದ ಅಲಿಖಿತ ಶಾಸನ. ಅದರಲ್ಲಿ ಒಂದು ಬಗೆಯ ಧೈರ್ಯವಿದೆ, ಒಪ್ಪಿದೆ. ಆದರೆ ಆ ಶಾಸನದ ಮರೆಯಲ್ಲಿ ಅಪರಾಧಿಗಳು ಸುಖವಾಗಿ ಪಾಸಾಗಿ ಹೋಗುವುದೂ, ನಿರಪರಾಧಿಗಳು ಜುಲ್ಮಾನೆಯನ್ನು ತೆರುವುದೂ ಉಂಟು. ಸಭೆಯನ್ನು ಹೊಕ್ಕ ಮೇಲೆ ಸುಮ್ಮನಿರುವವನೂ ಸುಳ್ಳು ಹೇಳುವವನಷ್ಟೇ ದೋಷಿ ಎಂಬ ಮನುವಿನ ಅಭಿಪ್ರಾಯವನ್ನು ನಾನು ಹುಡುಗರಿಗೂ ಅನ್ವಯಿಸುತ್ತೇನೆ. ಈ ವಿಷಯದಲ್ಲಿ ವಾಚಕರು ನನ್ನೊಡನೆ ಜಗಳವಾಡಬಹುದು.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸುಭಾಷರು ಕಟಕದಲ್ಲಿ ಮನೆಯಲ್ಲಿದ್ದು ಒಂದು ವರ್ಷಕ್ಕೂ ಹೆಚ್ಚಿನ ಕಾಲವನ್ನು ಕಳೆದರು. 1917ರಲ್ಲಿ ವಿಶ್ವವಿದ್ಯಾನಿಲಯದ ಅನುಮತಿ ದೊರೆತು ಸ್ಕಾಟಿಷ್ ಚರ್ಚ್ ಕಾಲೇಜನ್ನು ಸೇರಿ, 1919ರಲ್ಲಿ ಪ್ರಥಮ ದರ್ಜೆಯಲ್ಲಿ ಬಿ.ಎ. ಆದರು. ಓಟನ್ನರಾದರೋ ದೀರ್ಘಾಯುಷಿಗಳಾಗಿ ಬಾಳಿ, ಸುಭಾಷರು ತೀರಿಕೊಂಡ ಮೇಲೆ ಅವರನ್ನು ಸ್ಮರಿಸಿ ಒಂದು ಪದ್ಯವನ್ನು ಬರೆದರು. ಹೊಡೆತ ತಿಂದವರ ಮನಸ್ಸು ಇಷ್ಟು ದೊಡ್ಡದಾಯಿತು. ಎಲ್ಲ ಹುಡುಗರೂ ಸುಭಾಷಚಂದ್ರರಲ್ಲವಷ್ಟೆ. ಮನೆಯಲ್ಲಿ ಅನುಕೂಲವಿಲ್ಲದ, ಬೆನ್ನಿಗೆ ನಿಲ್ಲುವವರಿಲ್ಲದ ಸಾಮಾನ್ಯ ಹುಡುಗನಿಗೆ ಒಂದು ವರ್ಷ ತಪ್ಪಿತೆಂದರೆ ವಿದ್ಯೆಯೇ ತಪ್ಪಿತೆಂದು ತಿಳಿಯಬೇಕು.

ಪರದೇಶಿಯರ ಆಳಿಕೆಯಲ್ಲಿ ಹೀಗಾಯಿತು, ಅವರ ನಾಡಿನಲ್ಲಾದರೆ ಹೀಗಾಗುತ್ತಿತ್ತೆ ಎಂದು ಯಾರಾದರೂ ಕೇಳಿಯಾರು. ಅಲ್ಲಿಯೂ ಆಗಿತ್ತು. ಮಹಾವಿದ್ವಾಂಸರಾದ ರಿಚರ್ಡ್ ಬೆಂಟ್ಲಿಯವರು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥರಾಗಿದ್ದರು. ದೊರೆ ಒಂದನೆಯ ಜಾರ್ಜನು 1717ರಲ್ಲಿ ಅಲ್ಲಿಗೆ ಬಂದಾಗ ಡಾಕ್ಟರ್ ಪದವಿಯನ್ನು ಪಡೆದವರಿಂದ ಅವರು ನಾಲ್ಕು ಗಿನಿಗಳ ಹೆಚ್ಚಿನ ದಕ್ಷಿಣೆಯನ್ನು ಕೇಳಿದರೆಂಬ ಜಗಳವು ಬೆಳೆದು, ಅವರು ವಿಶ್ವವಿದ್ಯಾನಿಲಯದ ನ್ಯಾಯಸ್ಥಾನವನ್ನು ಧಿಕ್ಕರಿಸಿದರೆಂದು 1718ರಲ್ಲಿ ಅವರ ಪದವಿಗಳನ್ನೆಲ್ಲ ಕಿತ್ತುಕೊಂಡರು. ಬೆಂಟ್ಲಿಯವರು ಸೌಮ್ಯರೇನೂ ಅಲ್ಲ. ದಕ್ಷಿಣೆಯ ವಿಷಯದಲ್ಲಿ ಅವರ ಕೈ ಸ್ವಲ್ಪ ಬಿಗಿಯೇ. ಆದರೂ ಅವರ ಸಮಾಧಾನವನ್ನು ಕೇಳದೆ ಪದವಿಯನ್ನು ಕಿತ್ತುದು ನ್ಯಾಯವಲ್ಲವೆಂದು ರಾಜನ್ಯಾಯಾಲಯವು 1723ರಲ್ಲಿ ಹೇಳಿತು. ಆದಾಮನು ತಿನ್ನಬಾರದ ಹಣ್ಣನ್ನು ತಿಂದುದು ಸರ್ವಜ್ಞನಾದ ದೇವರಿಗೆ ಗೊತ್ತೇ ಇತ್ತು. ಆದರೂ ಅವನನ್ನು ಕರೆದು ಕೇಳಿದ ಮೇಲಲ್ಲದೆ ದೇವರು ಶಿಕ್ಷಿಸಲಿಲ್ಲ ಎಂಬ ದೃಷ್ಟಾಂತವನ್ನು ಒಬ್ಬ ನ್ಯಾಯಾಧೀಶರು ಕೊಟ್ಟರು. ನಮಗೆ ಗೊತ್ತೇ ಇದೆ, ಕೇಳುವುದೇನು ಎನ್ನುವ ಅಧಿಕಾರಿಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಸ್ವಾತಂತ್ರ್ಯಾನಂತರ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಇಂಥ ಮೊಕದ್ದಮೆಗಳು ಅನೇಕ ಬಂದಿವೆ. ಉತ್ತರಪ್ರದೇಶದಲ್ಲಿ ಮೂವರು ವಿದ್ಯಾರ್ಥಿಗಳು 1954ರ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕುಳಿತು ತೇರ್ಗಡೆಯಾದರೆಂದು ಪ್ರಕಟವಾಯಿತು. ಮನೆಯಲ್ಲಿ ಸಿಹಿ ಹಂಚಿದ್ದೂ ಆಗಿರಬೇಕು. ತಿಂಗಳುಗಳು ಕಳೆದ ಮೇಲೆ, ಅವರು ಅಕ್ರಮ ಮಾಡಿದ್ದರಿಂದ ಫಲಿತಾಂಶವು ರದ್ದಾಗಿದೆಯೆಂದೂ ಮುಂದಿನ ವರ್ಷದ ಪರೀಕ್ಷೆಗೂ ಕೂಡುವಂತಿಲ್ಲವೆಂದೂ ಪರೀಕ್ಷಾಮಂಡಲಿಯಿಂದ ಆಜ್ಞೆ ಬಂದಿತು. ನಿಮ್ಮ ಮೇಲೆ ಇಂಥ ಆಪಾದನೆಯಿದೆ, ಏನು ಹೇಳುವಿರಿ ಎಂದು ಅವರನ್ನು ಒಬ್ಬರೂ ಕೇಳಿರಲಿಲ್ಲ. ಕೇಳಬೇಕೆಂದು ನಮ್ಮ ನಿಯಮಾವಳಿಯಲ್ಲಿ ಎಲ್ಲಿಯೂ ಬರೆದಿಲ್ಲವಲ್ಲ ಎಂಬ ಧಾಟಿಯ ವಾದವನ್ನು ಮಂಡಲಿಯವರು ಹೂಡಿದರು. ಹುಡುಗನ ಇಡೀ ಭವಿಷ್ಯವನ್ನು ಕೆಡಿಸಬಲ್ಲ ತೀರ್ಮಾನವನ್ನು ಮಾಡುವವರು ನ್ಯಾಯಾಧೀಶರಂತೆಯೇ ನಡೆದುಕೊಳ್ಳಬೇಕು, ನಿಯಮದಲ್ಲಿ ಬರೆಯದಿದ್ದರೂ ಕೇಳಲೇಬೇಕು ಎಂದು ಕೋರ್ಟು 1962ರಲ್ಲಿ ತೀರ್ಪಿತ್ತಿತು. ತೀರ್ಪು ಬರುವ ಹೊತ್ತಿಗೆ ಆ ಹುಡುಗರು ಪರೀಕ್ಷೆಗೆ ಕುಳಿತು ಎಂಟು ವರ್ಷಗಳಾಗಿದ್ದುವು.

ಹಾಗೆಂದ ಮಾತ್ರಕ್ಕೆ ಕಾಲೇಜಿನ ಕೊಠಡಿಯನ್ನು ಕೋರ್ಟಿನ ಕಟ್ಟೆಯನ್ನಾಗಿ ಮಾಡಬೇಕೆಂದು ಅರ್ಥವಲ್ಲ. 1970ರಲ್ಲಿ ಬಿಹಾರದ ಒಂದು ಪರೀಕ್ಷಾಕೇಂದ್ರದ ಪ್ರಕರಣವು ಬಂದಾಗ, ಕೇಂದ್ರಕ್ಕೆ ಕೇಂದ್ರವೇ ನಕಲಿನಿಂದ ಕೆಟ್ಟಿರುವಲ್ಲಿ ಒಬ್ಬೊಬ್ಬ ಹುಡುಗನನ್ನೂ ಕರೆದು ವಿಚಾರಿಸಬೇಕಾದ ಅವಶ್ಯಕತೆಯಿಲ್ಲ, ಮರುಪರೀಕ್ಷೆ ನಡೆಸಬಹುದು ಎಂದು ಅದೇ ಕೋರ್ಟು ಹೇಳಿತು. ಇದು ವಿವೇಕದ ಮಾತು. ಏಕೆಂದರೆ ಅಲ್ಲಿ ಯಾರೊಬ್ಬನ ಮೇಲೂ ಕಳಂಕವನ್ನು ಹೊರಿಸಿರಲಿಲ್ಲ.

ಇದಕ್ಕಿಂತ ಕಷ್ಟವಾದುದು ರಾಂಚಿಯ ಪ್ರಕರಣ. 1972ರ ಜೂನ್ ತಿಂಗಳ ಒಂದು ರಾತ್ರಿ ಅಲ್ಲಿಯ ವೈದ್ಯಕೀಯ ಕಾಲೇಜಿನ ಕೆಲವು ಪುಂಡ ವಿದ್ಯಾರ್ಥಿಗಳು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದ ಆವರಣಕ್ಕೆ ನುಗ್ಗಿ, ಬರೆಯಲು ನಾಚಿಕೆಯಾಗುವಂತೆ ನಡೆದುಕೊಂಡರು. ಮೂವತ್ತಾರು ಮಂದಿ ವಿದ್ಯಾರ್ಥಿನಿಯರು ಪ್ರಿನ್ಸಿಪಾಲರಿಗೆ ಗುಟ್ಟಾಗಿ ದೂರು ಕೊಟ್ಟರು. ಅಧ್ಯಾಪಕರ ಸಮಿತಿಯೊಂದು ಆ ಹೆಣ್ಣುಮಕ್ಕಳ ಹೇಳಿಕೆಗಳನ್ನು ಆಪಾದಿತರ ಪರೋಕ್ಷದಲ್ಲಿ ಬರೆದುಕೊಂಡಿತು. ಆಪಾದಿತರ ಭಾವಚಿತ್ರಗಳನ್ನು ಬೇರೆ ಅನೇಕ ಭಾವಚಿತ್ರಗಳೊಡನೆ ಬೆರೆಸಿ ಗುರುತಿಸಲು ಹೇಳಿತು. ಆಮೇಲೆ ಹುಡುಗರನ್ನು ಕರೆದು, ಆಪಾದನೆಯನ್ನು ಓದಿ ಹೇಳಿ, ಅವರ ಉತ್ತರವನ್ನು ಬರೆಯಿಸಿಕೊಂಡಿತು. ನಾಲ್ವರನ್ನು ಎರಡು ವರ್ಷ ಹೊರಹಾಕಿತು. ಸಾಕ್ಷಿಗಳನ್ನು ನಮ್ಮೆದುರಿಗೆ ಕೇಳಲಿಲ್ಲವಲ್ಲ ಎಂದು ಹುಡುಗರು ಸುಪ್ರೀಂ ಕೋರ್ಟಿನವರೆಗೆ ಹೋದರು. ಎದುರಿಗೆ ಕರೆದಿದ್ದರೆ ಆ ಹೆಣ್ಣುಮಕ್ಕಳು ಬಾಯಿಬಿಡುತ್ತಿರಲಿಲ್ಲ. ಬಿಟ್ಟಿದ್ದರೂ ಆಮೇಲೆ ಅವರ ಗತಿಯೇನು? ಕೋರ್ಟು 1973ರಲ್ಲಿ ಕಾಲೇಜಿನ ಕ್ರಮವನ್ನು ಎತ್ತಿಹಿಡಿಯಿತು.

ಪ್ರತಿವಾದಿಯ ಎದುರಿನಲ್ಲಿಯೇ ಎಂಬ ಸ್ಮೃತಿವಿಧಿಯನ್ನು ಮೇಲೆ ಕೊಂಡಾಡಿದ ನಾನು ಈ ತೀರ್ಪನ್ನೂ ಒಪ್ಪುತ್ತೇನೆಂದರೆ ವಿರೋಧಾಭಾಸವೆಂದು ತೋರಬಹುದು. ಆದರೆ ನೋಡಿರಿ: ರಾಂಚಿಯಲ್ಲಿ ಬಚ್ಚಿಟ್ಟದ್ದು ಸಾಕ್ಷಿಗಳ ಹೆಸರನ್ನು ಮಾತ್ರ, ಆಪಾದನೆಯನ್ನು ಬಚ್ಚಿಡಲಿಲ್ಲ, ಉತ್ತರಕ್ಕೆ ಅವಕಾಶವನ್ನು ಕೊಡದಿರಲಿಲ್ಲ, ಗುರುತು ಹಿಡಿಯುವುದರಲ್ಲಿ ತಪ್ಪಾಗದಂತೆ ಬುದ್ಧಿಯನ್ನು ಉಪಯೋಗಿಸಿದ್ದರು. ಸಮಿತಿಯವರು ಪ್ರಾಮಾಣಿಕರಾಗಿದ್ದರು ಎಂಬುದಕ್ಕೆ ಅವರು ನಡೆದ ಹೆಜ್ಜೆಗಳೇ ಸಾಕ್ಷಿಯಾಗಿದ್ದುವು. 1916ರ ಕಲ್ಕತ್ತೆಯಲ್ಲಿ ಇಂಥ ಹೆಜ್ಜೆಗುರುತು ನನಗೆ ಕಾಣುವುದಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು ರ‍್ಯಾಗಿಂಗ್ ಎಂಬ ಪಿಡುಗನ್ನು ತಡೆಯಲು 2009ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಹೊಸದಾಗಿ ಬಂದ ಹುಡುಗರನ್ನು ಹಿಂಸಿಸಿ ಪ್ರಾಣವನ್ನೇ ತೆಗೆದ ಉದಾಹರಣೆಗಳಿರುವಾಗ ಅಂಥ ನಿಯಮಗಳನ್ನು ಬೇಡವೆನ್ನುವವರಾರು? ಆದರೆ ಅದರಲ್ಲಿ, ಅಪರಾಧಿಗಳು ಯಾರೆಂದು ಗೊತ್ತಾಗದಿದ್ದಲ್ಲಿ ಸಾಮೂಹಿಕ ದಂಡನೆಯನ್ನು ಕೈಗೊಳ್ಳಬೇಕೆಂಬ ವಿಧಿಯೊಂದು ಸೇರಿದೆ. ಬಾಯಿಮುಚ್ಚಿಕೊಂಡಿರುವ ಹುಡುಗರ ಕಟ್ಟನ್ನು ಮುರಿಯಲು ಇದನ್ನು ಮಾಡಿದ್ದಾರೆ. ಉದ್ದೇಶವು ನನಗೆ ಅರ್ಥವಾಗುತ್ತದೆ. ಆದರೂ ಪ್ರೆಸಿಡೆನ್ಸಿ ಕಾಲೇಜಿನ ಜುಲ್ಮಾನೆಯನ್ನು ಬಲ್ಲವನಿಗೆ ಇದನ್ನು ಓದಿದಾಗ ಎದೆ ಸ್ವಲ್ಪ ಅಳುಕುತ್ತದೆ. ವಿಚಾರಣೆಯಲ್ಲಿ ಸೋತ ಅಧಿಕಾರಿಗೆ ಇದು ಬಹಳ ಸುಲಭವಾದ ಊರುಗೋಲು. ಕಟ್ಟಕಡೆಯ ಉಪಾಯವಾಗಿ ಉಪಯೋಗಿಸುವರೋ ಮೊದಲನೆಯದಾಗಿಯೋ ಎಂಬುದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದಾಗಿದೆ.

ಈಚೆಗೆ ಹುಟ್ಟಿದ ಮತ್ತೊಂದು ಬಗೆಯ ಆಪಾದನೆಯುಂಟು. ಪ್ರಬಂಧವನ್ನು ಇತರರ ಬರಹದಿಂದ ಕದ್ದಿದ್ದಾನೆ, ಅಥವಾ ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಬರೆಯಿಸಿದ್ದಾನೆ ಎಂಬುದೇ ಅದು. ಕೃತಿಚೌರ್ಯವನ್ನು ಕುರಿತು ಅನುದಾನ ಆಯೋಗವು 2018ರಲ್ಲಿ ಮಾಡಿದ ನಿಯಮದಂತೆ, ಸಾಮ್ಯವು ನೂರಕ್ಕೆ ಹತ್ತರವರೆಗಿದ್ದರೆ ದಂಡವಿಲ್ಲ. ಅರವತ್ತನ್ನು ಮೀರಿದರೆ ಸಂಶೋಧನ ವಿದ್ಯಾರ್ಥಿಯ ನೋಂದಣಿಯೇ ರದ್ದಾಗಬಹುದು. ಎಣಿಕೆಯು ಎಣಿಕೆಗೆ ಸರಿ. ಆದರೆ ಅಳೆಯುವ ಸಾಫ್ಟ್‌ವೇರಿಗೆ ಕದ್ದ ವಾಕ್ಯಕ್ಕೂ ಗೌರವದಿಂದ ಉದ್ಧರಿಸಿದ ವಾಕ್ಯಕ್ಕೂ ಇರುವ ಅಂತರವು ಯಾವಾಗಲೂ ಗೊತ್ತಾಗುವುದಿಲ್ಲ. ಯಂತ್ರಲೇಖನವನ್ನು ಪತ್ತೆಹಚ್ಚುತ್ತೇವೆನ್ನುವ ಸಾಧನಗಳು ಮನುಷ್ಯನೇ ಬರೆದುದನ್ನು ಯಂತ್ರದ್ದೆಂದು ಹೇಳಿರುವುದೂ ಉಂಟು. ಕಲ್ಕತ್ತೆಯ ಜವಾನನಿಗೆ ಕಣ್ಣಾದರೂ ಇತ್ತು. ಹುಡುಗಿಯನ್ನು ಕರೆದು ಎದುರಿಗೆ ಕೂರಿಸಿ, ಈ ಪ್ರಬಂಧದ ಮೂರನೆಯ ಭಾಗದಲ್ಲಿ ನೀನು ಹೇಳಿರುವುದೇನಮ್ಮ ಎಂದು ಕಾಲು ಗಂಟೆ ಮಾತನಾಡಿದರೆ, ಬರೆದವಳಾರೆಂಬುದು ಪಾಠ ಹೇಳಿ ಅನುಭವವಿರುವ ಯಾವ ಅಧ್ಯಾಪಕನಿಗೂ ತಿಳಿದುಹೋಗುತ್ತದೆ. ಆ ಕಾಲು ಗಂಟೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಒಬ್ಬಳ ಮೂರು ವರ್ಷವನ್ನು ಕಳೆಯುವುದು ಯಾವ ಲೆಕ್ಕ?

ಗೃಹಸ್ಥರಾದ ನಮ್ಮ ಮಾತು ಇನ್ನೂ ಬಾಕಿಯಿದೆ. ಅದು ಅಷ್ಟೇನೂ ರುಚಿಸದು. ಮಗನ ಮೇಲೆ ಆಪಾದನೆ ಬಂದಾಗ ನಮ್ಮಲ್ಲಿ ಹಲವರು ಮೊದಲು ಮಾಡುವ ಕೆಲಸವೆಂದರೆ ಪರಿಚಯದವರನ್ನು ಹುಡುಕುವುದು. ಆಡಳಿತಮಂಡಲಿಯಲ್ಲಿ ನಮ್ಮವರಾರು, ಮಂತ್ರಿಗಳ ಮನೆಗೆ ಹೋಗಿಬರುವವರಾರು, ಯಾರ ಕೈಯಲ್ಲಿ ಒಂದು ಮಾತು ಹೇಳಿಸಬಹುದು ಎಂಬುದೇ ಚಿಂತೆ. ಹುಡುಗನು ನಿರಪರಾಧಿಯಾಗಿದ್ದರೂ ವಶೀಲಿಯಿಂದ ಬಿಡಿಸಿಕೊಂಡು ಬಂದರೆ ಅವನು ನಿರಪರಾಧಿಯೆಂದು ಸಿದ್ಧವಾದಂತಾಗಲಿಲ್ಲ; ತಂದೆಯು ಪ್ರಬಲನೆಂದು ಮಾತ್ರ ಸಿದ್ಧವಾಯಿತು. ಅಪರಾಧಿಯಾಗಿದ್ದರಂತೂ, ಶಿಕ್ಷೆಯಿಂದ ಕಲಿಯಬಹುದಾಗಿದ್ದುದನ್ನು ಕಲಿಯದೆ ಅದಕ್ಕಿಂತ ಕೆಟ್ಟ ವಿದ್ಯೆಯನ್ನು ತಂದೆಯಿಂದಲೇ ಕಲಿಯುತ್ತಾನೆ. ಹೀಗೆ ಮಾಡುವ ನಾವೇ ಮರುದಿನ ಕಟ್ಟೆಯ ಮೇಲೆ ಕುಳಿತು ವಿಶ್ವವಿದ್ಯಾನಿಲಯಗಳಲ್ಲಿ ನ್ಯಾಯವಿಲ್ಲವೆಂದು ಹಲುಬುತ್ತೇವೆ.

ಬದಲಾಗಿ ಮಾಡತಕ್ಕದ್ದೇನೆಂದರೆ, ಮೊದಲು ಬಾಗಿಲು ಹಾಕಿಕೊಂಡು ಮಗನೊಡನೆ ಮಾತನಾಡಬೇಕು. ಹೊಡೆಯದೆ, ಬಯ್ಯದೆ, ನಡೆದುದನ್ನು ನಡೆದಂತೆ ಹೇಳಪ್ಪ ಎಂದು ಕೇಳಬೇಕು. ಆಮೇಲೆ ಕಾಲೇಜಿಗೆ ಕಾಗದ ಬರೆಯಬೇಕು: ಆಪಾದನೆಯೇನೆಂಬುದನ್ನು ಲಿಖಿತವಾಗಿ ತಿಳಿಸಿರಿ, ಅದಕ್ಕೆ ಆಧಾರವೇನೆಂಬುದನ್ನು ತಿಳಿಸಿರಿ, ಉತ್ತರ ಕೊಡಲು ಕಾಲವನ್ನು ಕೊಡಿರಿ, ನಿರ್ಣಯವಾದಾಗ ಕಾರಣವನ್ನು ಬರೆಯಿರಿ, ಮೇಲ್ಮನವಿಯನ್ನು ಯಾರಲ್ಲಿ ಮಾಡಿಕೊಳ್ಳಬೇಕೆಂಬುದನ್ನು ಹೇಳಿರಿ. ಇದರಲ್ಲಿ ಜಗಳವೂ ಇಲ್ಲ, ದೈನ್ಯವೂ ಇಲ್ಲ. ವಿಚಾರಣೆಯ ವರದಿಯ ಪ್ರತಿಯನ್ನು ಕೊಡ ಕೊಡಲೇಬೇಕೆಂಬ ಸಾರ್ವತ್ರಿಕ ನಿಯಮವಿಲ್ಲವೆಂದು ಕೇರಳ ವಿಶ್ವವಿದ್ಯಾನಿಲಯದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1968ರಲ್ಲಿ ಹೇಳಿರುವುದುಂಟು. ಆದರೂ ಕೇಳುವುದರಲ್ಲಿ ತಪ್ಪಿಲ್ಲ. ಕೊಡುವ ಸಂಸ್ಥೆಗೆ ಮಾನವೇ ಹೊರತು ನಷ್ಟವಿಲ್ಲ. ವಿದ್ಯಾರ್ಥಿಗಳ ಕುಂದುಕೊರತೆಗಳನ್ನು ಕೇಳಲು ಪ್ರತಿಯೊಂದು ವಿಶ್ವವಿದ್ಯಾನಿಲಯದಲ್ಲಿಯೂ ಸಮಿತಿಗಳಿರಬೇಕು, ಅವುಗಳ ಮೇಲೆ ಒಬ್ಬ ಓಂಬುಡ್ಸ್‌ಪರ್ಸನ್ ಇರಬೇಕು ಎಂದು ಅನುದಾನ ಆಯೋಗವು 2023ರಲ್ಲಿ ನಿಯಮಿಸಿದೆ. ಮಗನನ್ನು ಸೇರಿಸುವ ದಿನ ಹಾಸ್ಟೆಲಿನ ಊಟದ ವಿಚಾರವನ್ನು ಕೂಲಂಕಷವಾಗಿ ಕೇಳುವ ನಾವು ಈ ಸಮಿತಿಯ ವಿಚಾರವನ್ನೂ ಒಂದು ಮಾತು ಕೇಳಿದರೆ ಚೆನ್ನು.

ಕೊನೆಗೆ, ವಿದ್ಯಾಶಾಲೆಯೇ ತಪ್ಪಿದೆಯೆಂದು ಕಾಲಾಂತರದಲ್ಲಿ ತಿಳಿದಾಗ ಮಾಡುವುದೇನು ಎಂಬ ಪ್ರಶ್ನೆಯಿದೆ. ಇದಕ್ಕೆ ಅಮೆರಿಕದಿಂದ ಒಂದು ದೃಷ್ಟಾಂತವನ್ನು ಕೊಡುತ್ತೇನೆ. 1960ರ ಫೆಬ್ರವರಿಯಲ್ಲಿ, ಅಲಬಾಮ ಸಂಸ್ಥಾನದ ಮಾಂಟ್ಗೊಮರಿ ನಗರದಲ್ಲಿ, ಕಪ್ಪು ಜನರಿಗಾಗಿ ಇದ್ದ ಅಲಬಾಮ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಕೆಲವರು ನ್ಯಾಯಾಲಯದ ಕಟ್ಟಡದಲ್ಲಿದ್ದ ಬಿಳಿಯರ ಊಟದ ಅಂಗಡಿಗೆ ಹೋಗಿ, ತಮಗೂ ಬಡಿಸಬೇಕೆಂದು ಕುಳಿತರು. ಗಲಭೆ ಮಾಡಲಿಲ್ಲ, ಕುಳಿತರು, ಅಷ್ಟೆ. ಕೆಲವೇ ದಿನಗಳಲ್ಲಿ ಸಂಸ್ಥಾನದ ವಿದ್ಯಾಮಂಡಲಿಯು ಅವರಲ್ಲಿ ಒಂಬತ್ತು ಮಂದಿಯನ್ನು ಕಾಲೇಜಿನಿಂದ ಹೊರಹಾಕಿತು. ಅವರಿಗೆ ಹೋದ ಕಾಗದದಲ್ಲಿ ಇಂಥ ತಪ್ಪು ಮಾಡಿದಿರೆಂಬ ಸ್ಪಷ್ಟವಾದ ಮಾತೇ ಇರಲಿಲ್ಲ. ಅವರನ್ನು ಕರೆದು ಕೇಳಿರಲೂ ಇಲ್ಲ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಸಾರ್ವಜನಿಕ ಕಾಲೇಜೊಂದು ವಿದ್ಯಾರ್ಥಿಯನ್ನು ದುರ್ನಡತೆಗಾಗಿ ಹೊರಹಾಕುವ ಮುನ್ನ ಆಪಾದನೆಯನ್ನು ತಿಳಿಸಿ, ಅವನ ಮಾತನ್ನು ಕೇಳಲೇಬೇಕು ಎಂದು ಅಲ್ಲಿಯ ಮೇಲ್ಮನವಿಯ ನ್ಯಾಯಾಲಯವು 1961ರ ಆಗಸ್ಟಿನಲ್ಲಿ ಹೇಳಿತು. ಅಮೆರಿಕದ ಕಾಲೇಜುಗಳ ಶಿಸ್ತುವಿಚಾರಣೆಗಳೆಲ್ಲ ಅಂದಿನಿಂದ ಈ ತೀರ್ಪನ್ನು ನೆನೆಯುತ್ತವೆ.

ತೀರ್ಪು ಬಂದರೂ ಕಾಲೇಜಿನ ದಾಖಲೆಯ ಪುಸ್ತಕದಲ್ಲಿ ಆ ಒಂಬತ್ತು ಮಂದಿಯ ಹೆಸರಿನ ಮುಂದೆ ಹೊರಹಾಕಲ್ಪಟ್ಟವರೆಂಬ ಮಾತು ಹಾಗೆಯೇ ಉಳಿದಿತ್ತು. ಅವರನ್ನು ಬೆಂಬಲಿಸಿದ್ದಕ್ಕಾಗಿ ಕೆಲಸವನ್ನು ಕಳೆದುಕೊಂಡ ಅಧ್ಯಾಪಕರ ದಾಖಲೆಗಳೂ ಹಾಗೆಯೇ ಇದ್ದುವು. 2018ರ ಮೇ ತಿಂಗಳಿನಲ್ಲಿ ಅಲಬಾಮದ ವಿದ್ಯಾಧಿಕಾರಿಯು ಅಂದಿನ ಕ್ರಮವು ಅನ್ಯಾಯವಾದುದೆಂದು ಲಿಖಿತವಾಗಿ ಒಪ್ಪಿಕೊಂಡು, ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ದಾಖಲೆಗಳಿಂದ ಆ ಕಳಂಕವನ್ನು ತೊಡೆದುಹಾಕಿಸಿದರು. ಅಷ್ಟು ಹೊತ್ತಿಗೆ ಐವತ್ತೆಂಟು ವರ್ಷಗಳು ಸಂದಿದ್ದುವು. ಅಂದು ಊಟದ ಅಂಗಡಿಯಲ್ಲಿ ಕುಳಿತಿದ್ದವರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರು ಮುದುಕರಾಗಿದ್ದರು.